ಚಿಕ್ಕಮ್ಮ ಮುಟ್ಟಿದ ಕುರ್ಚಿಗಳು

ಹಲ್ಲಿಗೆ ಬೆಚ್ಚಗಿನ ಕೈ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಭೌತಶಾಸ್ತ್ರದ ಪದವಿ ಇತ್ತು, ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸುವ ಗಂಟಲಿತ್ತು, ಯಾರು ಏನಂದರೂ ತಿರುಗಿಸಿ ಅನ್ನುವ ಬಾಯಿ ಇತ್ತು. ಕೈ ಮಾತ್ರ ಹುಟ್ಟಿದಾಗಿನಿಂದ ತಣ್ಣಗೆ. ಚಿಕ್ಕವಳಿದ್ದಾಗ ಒಮ್ಮೆ ಹಿಂದಿನಿಂದ ಬಂದು ಚಿಕ್ಕಮ್ಮನ ಕುತ್ತಿಗೆಗೆ ಜೋತುಬಿದ್ದಳಂತೆ. ಗೋಡೆಯ ಹಲ್ಲಿಯೇ ಮೈಮೇಲೆ ಬಿತ್ತೆಂದು ಚಿಕ್ಕಮ್ಮ ಅಂಗಡಿ ತುಂಬ ಕುಣಿದಾಡಿದಳಂತೆ. ಅಂದಿನಿಂದ ಅವಳ ಹೆಸರು ಹಲ್ಲಿ. ಶಾಲೆಯಲ್ಲಿ ಬರೆಸಿದ ಹೆಸರು ಶಾಲೆಯಲ್ಲೇ ಉಳಿಯಿತು.

ಬೇರೆ ಕೆಲಸಕ್ಕೆ ಸೇರಿದ್ದರೆ ಈ ತಣ್ಣನೆಯ ಕೈ ಯಾರಿಗೂ ಅಡ್ಡಬರುತ್ತಿರಲಿಲ್ಲ. ಅವಳಿಗೆ ಸಿಕ್ಕಿದ್ದು ವಿಜ್ಞಾನ ಕೇಂದ್ರದಲ್ಲಿ ಪ್ರಯೋಗ ತೋರಿಸುವ ಕೆಲಸ. ಅದೂ ತಾತ್ಕಾಲಿಕ. ಸಮಿತಿ ಬಂದು ನೋಡಿ ಹೂಂ ಅಂದರೆ ಕಾಯಂ, ಊಹೂಂ ಅಂದರೆ ಮನೆ. ಆ ಕೇಂದ್ರಕ್ಕೆ ಜನ ಬರುತ್ತಿದ್ದದ್ದೇ ಒಂದು ಲೋಹ ನೋಡಲು. ಹೆಸರು ಗ್ಯಾಲಿಯಂ. ನೋಡಿದರೆ ಬೆಳ್ಳಿಯ ಗಟ್ಟಿ. ಸುತ್ತಿಗೆಯಿಂದ ಬಡಿದರೆ ಒಡೆಯುವಷ್ಟು ಗಟ್ಟಿಯಾಗಿರುವ ಈ ಪ್ರಾಣಿ ಮನುಷ್ಯನ ಮೈಬಿಸಿಗೆ ಬೆಣ್ಣೆಯ ಹಾಗೆ ಕರಗಿ, ಅಂಗೈಯಲ್ಲಿ ಕನ್ನಡಿಯ ಕೆರೆಯಾಗಿ ನಿಲ್ಲುತ್ತದೆ. ಪಾದರಸದ ಹಾಗೆ ವಿಷವೂ ಅಲ್ಲ. 'ಅಂಗೈಯಲ್ಲಿ ಕರಗುವ ಲೋಹ' ಎಂದು ಹೊರಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದರು.

ಮೊದಲ ದಿನ ಹಲ್ಲಿ ನಿಂಬೆಹಣ್ಣಿನ ಗಾತ್ರದ ಗಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ವೇದಿಕೆ ಹತ್ತಿದಳು. ಸಭಾಂಗಣದಲ್ಲಿ ಎಸಿ ಗವ್ವೆನ್ನುತ್ತಿತ್ತು. ಎಲ್‌ಇಡಿ ದೀಪದೊಳಗೆ ಗ್ಯಾಲಿಯಂ ಇದೆ, ಫೋನಿನ ಚಿಪ್‌ನಲ್ಲಿದೆ, ಪಾದರಸ ಬೇಡವೆಂದು ಥರ್ಮಾಮೀಟರಿಗೂ ಇದರ ಮಿಶ್ರಲೋಹವನ್ನೇ ತುಂಬುತ್ತಾರೆ ಎಂದೆಲ್ಲ ಹೇಳಿದಳು. ಕರಗಿದ ಈ ಲೋಹವನ್ನು ರಬ್ಬರಿನ ನಳಿಗೆಗೆ ತುಂಬಿದರೆ ಎಳೆದಷ್ಟೂ ಉದ್ದವಾಗುವ ವೈರಾಗುತ್ತದೆ ಎಂದು ಎಳೆದು ತೋರಿಸಿದಳು. ನಳಿಗೆ ಮೊಣಕೈಯುದ್ದದಿಂದ ಮಾರುದ್ದಕ್ಕೆ ಬಂದರೂ ತುದಿಯ ದೀಪ ಆರಲಿಲ್ಲ. ಆಮೇಲೆ ತೆಳು ಆಮ್ಲದ ತಟ್ಟೆಯಲ್ಲಿ ಒಂದು ಹನಿ ಲೋಹ ಬಿಟ್ಟು ಕಬ್ಬಿಣದ ಮೊಳೆ ತಾಗಿಸಿದಳು. ಹನಿ ಕೋಳಿಮರಿಯ ಗುಂಡಿಗೆಯ ಹಾಗೆ ಲಬ್‌ ಲಬ್ ಎಂದು ಬಡಿದುಕೊಂಡಿತು. ಜನ ಚಪ್ಪಾಳೆ ಹೊಡೆದರು. ಅಷ್ಟೆಲ್ಲ ಆದಮೇಲೆ ಅಂಗೈ ಬಿಚ್ಚಿ ನೋಡಿದರೆ ಗಟ್ಟಿ ಹೇಗಿತ್ತೋ ಹಾಗೇ ಕೂತಿತ್ತು.

ಮುಂದಿನ ಸಾಲಿನಿಂದ ಒಂದು ಹುಡುಗಿ, "ಅಕ್ಕಾ, ನಿಮಗೆ ಯಾರೋ ಕಲ್ಲು ಕೊಟ್ಟು ಮೋಸ ಮಾಡಿದ್ದಾರೆ" ಅಂದಳು.

ಸಭೆಗೆ ಸಭೆಯೇ ಗೊಳ್ಳೆಂದಿತು.

ಪ್ರದರ್ಶನ ಮುಗಿದ ಮೇಲೆ ಕೇಂದ್ರದ ಮೇಲ್ವಿಚಾರಕರು ಅವಳನ್ನು ಕರೆದರು. ಅವರನ್ನು ಎಲ್ಲರೂ ಸರ್ ಎನ್ನುತ್ತಿದ್ದರು. ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಸಭಾಂಗಣದ ಕುರ್ಚಿ, ಮೆಟ್ಟಿಲಿನ ಕಂಬಿ, ಮೈಕಿನ ಕಂಬ, ಬಾಗಿಲ ಹಿಡಿ ಎಲ್ಲವನ್ನೂ ಕಿತ್ತುಹಾಕಿಸಿ ಅಲ್ಯೂಮಿನಿಯಂ ಹಾಕಿಸಿದವರು ಅವರೇ. ಅದೇ ಅವರ ಜೀವಮಾನದ ಸಾಧನೆ. ಬಂದವರಿಗೆಲ್ಲ ಒಂದೇ ಬೆರಳಿನಲ್ಲಿ ಕುರ್ಚಿ ಎತ್ತಿ ತೋರಿಸುತ್ತಿದ್ದರು.

"ಕೈ ತೋರಿಸಮ್ಮಾ" ಎಂದು ಮುಟ್ಟಿ ನೋಡಿ ಬೆಚ್ಚಿ ಕೈ ಹಿಂದೆಳೆದುಕೊಂಡರು. "ಆರೋಗ್ಯ ಸರಿ ಇದೆಯಾ?"

"ಇದೆ ಸರ್. ಕೈ ಇರೋದೇ ಹೀಗೆ."

"ನಮ್ಮಲ್ಲಿ ಬೆಂಕಿ ಇಲ್ಲ, ವೈರ್ ಇಲ್ಲ, ಬರಿಗೈ ಅಂತ ಬೋರ್ಡು ಹಾಕಿದ್ದೀವಿ. ಸಮಿತಿ ಮುಂದೆ ಇದು ಕರಗಲಿಲ್ಲ ಅಂದ್ರೆ ನಾನೇನೂ ಮಾಡಕ್ಕಾಗಲ್ಲ. ಏನ್ ಬೇಕಾದ್ರೂ ಮಾಡ್ಕೋ. ನಿನ್ನ ಕೈ, ನಿನ್ನ ತಲೆ."

ಹಲ್ಲಿ ಏನೇನೋ ಮಾಡಿದಳು. ಬಿಸಿನೀರಿನ ಚೀಲ ಅವುಚಿಕೊಂಡು ಕೂತಳು. ಅಂಗೈ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಳು. ಕಂಕುಳಲ್ಲಿ ಕೈ ಸಿಕ್ಕಿಸಿಕೊಂಡು ರೆಕ್ಕೆ ಮಡಚಿದ ಕೋಳಿಯ ಹಾಗೆ ಪರದೆಯ ಹಿಂದೆ ಅಡ್ಡಾಡಿದಳು. ವೇದಿಕೆ ಹತ್ತಿ ನಮಸ್ಕಾರ ಅನ್ನುವಷ್ಟರಲ್ಲಿ ಕೈ ಮತ್ತೆ ಹಲ್ಲಿಯದೇ. ಸಭಿಕರನ್ನು ಕರೆದು ನೋಡಿದಳು. ಒಬ್ಬ ಯುವಕ ಗಟ್ಟಿಯನ್ನು ಪ್ಯಾಂಟಿನ ಜೇಬಿಗಿಳಿಸಿ ಸೀದಾ ಬಾಗಿಲತ್ತ ನಡೆದ. ಹೊರಗೆ ಕಾಲಿಡುವುದರೊಳಗೆ ಅದು ಜೇಬಿನಲ್ಲೇ ಕರಗಿ ತೊಡೆಗುಂಟ ಇಳಿಯಿತು. ಕದ್ದವನೂ ಕೂಗಿಕೊಂಡ, ನೋಡಿದವರೂ ಕೂಗಿಕೊಂಡರು. "ಇನ್ನು ಮುಂದೆ ವಯಸ್ಸಾದವರನ್ನ, ಜವಾಬ್ದಾರಿ ಇರೋರನ್ನ ಮಾತ್ರ ಕರಿ" ಎಂದು ಸರ್ ಅಪ್ಪಣೆ ಮಾಡಿದರು.

ವಯಸ್ಸಾದ, ಜವಾಬ್ದಾರಿ ಇರುವ, ಬಿಸಿ ಕೈಯ ಮನುಷ್ಯರು ಹಲ್ಲಿಗೆ ಗೊತ್ತಿದ್ದದ್ದು ಒಬ್ಬರೇ.

ಚಿಕ್ಕಮ್ಮನ ಇಸ್ತ್ರಿ ಅಂಗಡಿ ಕೇಂದ್ರದ ಹಿಂದಿನ ಬೀದಿಯಲ್ಲಿತ್ತು. ಅಂಗಡಿ ಅಂದರೆ ಒಂದು ಮೇಜು, ಅದರ ಮೇಲೆ ಸುಟ್ಟ ಕಲೆಗಳ ಕಂಬಳಿ, ಹಿಂದೆ ಬಟ್ಟೆಗಂಟುಗಳ ಗುಡ್ಡ, ನಡುವೆ ಹಬೆಯಲ್ಲಿ ಮುಳುಗಿದ ಚಿಕ್ಕಮ್ಮ. ಬೆಳಗ್ಗೆಯಿಂದ ಬಿಸಿ ಬಟ್ಟೆ ತಟ್ಟಿ, ಮಡಚಿ, ಒತ್ತಿ ಅವಳ ಅಂಗೈ ಕಾದ ಹೆಂಚಿನ ಹಾಗಿರುತ್ತಿತ್ತು. ಇಸ್ತ್ರಿಪೆಟ್ಟಿಗೆ ಕಾದಿದೆಯೋ ಇಲ್ಲವೋ ನೋಡಲು ಬೆರಳು ನೆಕ್ಕಿ ಅದರ ತಳಕ್ಕೆ ಚುಯ್ಯೆಂದು ತಾಗಿಸುತ್ತಿದ್ದಳು. ಅಂಗಡಿಯ ಕೀಲಿಗೊಂಚಲಿನ ಬಳೆಯನ್ನು ನಡುಬೆರಳಿಗೆ ಏರಿಸಿಕೊಂಡರೆ ರಾತ್ರಿ ಮಲಗುವಾಗಲೇ ತೆಗೆಯುತ್ತಿದ್ದದ್ದು.

"ಏನೇ ಹಲ್ಲಿ, ಮುಖ ಯಾಕೆ ಹಿಂಡಿದ ಬಟ್ಟೆ ಥರ ಇದೆ?"

ಹಲ್ಲಿ ಗಟ್ಟಿಯನ್ನು ಚಿಕ್ಕಮ್ಮನ ಅಂಗೈಗೆ ಹಾಕಿದಳು. ಚಿಕ್ಕಮ್ಮ ಅದನ್ನು ಹಿಡಿದುಕೊಂಡೇ, ಎದುರುಮನೆಯವನು ಪ್ಯಾಂಟಿಗೆ ಎರಡು ಗೆರೆ ಬಿದ್ದಿದೆಯೆಂದು ಜಗಳಕ್ಕೆ ಬಂದ ಕತೆಯನ್ನು ಶುರುಮಾಡಿದಳು. ಕತೆ ಅರ್ಧಕ್ಕೆ ಬರುವಷ್ಟರಲ್ಲಿ ಅಂಗೈ ಒದ್ದೆಯಾದ ಹಾಗಾಗಿ ಕೆಳಗೆ ನೋಡಿದಳು.

"ಅಯ್ಯೋ, ಇದೇನೇ, ಕೂತಲ್ಲೇ ಉಚ್ಚೆ ಹೊಯ್ಕೊಂಡ್ಬಿಡ್ತು."

ಹಲ್ಲಿ ಚಿಕ್ಕಮ್ಮನನ್ನು ತಬ್ಬಿಕೊಂಡಳು. ತಣ್ಣನೆಯ ಕೈ ಕುತ್ತಿಗೆಗೆ ತಾಗಿ ಚಿಕ್ಕಮ್ಮ ಮತ್ತೆ ಕುಣಿದಳು.

ಮಾರನೆಯ ದಿನದಿಂದ ಚಿಕ್ಕಮ್ಮ ಸಭಿಕಳಾದಳು. ದಿನಾ ಒಬ್ಬಳೇ ಏಳುತ್ತಾಳೆಂದು ಯಾರಿಗೂ ಅನುಮಾನ ಬರಬಾರದಲ್ಲ, ಅದಕ್ಕೆ ದಿನಕ್ಕೊಂದು ಕುರ್ಚಿ, ದಿನಕ್ಕೊಂದು ವೇಷ. ಒಂದು ದಿನ ಕನ್ನಡಕ ಹಾಕಿಕೊಂಡು ನಿವೃತ್ತ ಮೇಷ್ಟ್ರಮ್ಮನಾಗಿ ಬಂದಳು. ಇನ್ನೊಂದು ದಿನ ಕೋಟು ತೊಟ್ಟುಕೊಂಡು, "ಇದೆಲ್ಲ ಕಣ್ಕಟ್ಟು, ನಾನೇ ನೋಡ್ತೀನಿ ಬಿಡಿ" ಎಂದು ಜಗಳಗಂಟಿಯಾಗಿ ವೇದಿಕೆಗೆ ನುಗ್ಗಿದಳು. ಕೋಟು ಯಾರದೋ ಗಿರಾಕಿಯದು, ಸಂಜೆ ಮತ್ತೆ ಇಸ್ತ್ರಿಯಾಗಿ ಮನೆಗೆ ಹೋಯಿತು. ಮತ್ತೊಮ್ಮೆ ಕರಗಿದ ಲೋಹ ನೋಡಿ ಮೂರ್ಛೆ ಹೋದಂತೆ ಮಾಡಿದಳು. ಹಲ್ಲಿ ಪರದೆಯ ಹಿಂದೆ ಗದರಿದಳು.

"ಚಿಕ್ಕಮ್ಮಾ, ನೀನು ಬರೀ ಕೈ ಕೊಟ್ರೆ ಸಾಕು. ನಟನೆ ಬೇಡ."

"ಜನ ಚಪ್ಪಾಳೆ ಹೊಡೆದಿದ್ದು ನಿನ್ನ ಲೋಹಕ್ಕಾ, ನನ್ನ ಮೂರ್ಛೆಗಾ? ಹೇಳೇ ನೋಡೋಣ."



ಒಂದೇ ಒಂದು ತಕರಾರಿತ್ತು. ಲೋಹ ಹಿಡಿದವರು ಸೋಪು ಹಚ್ಚಿ ಕೈ ತೊಳೆಯಬೇಕು, ಇಲ್ಲದಿದ್ದರೆ ಬೂದುಬಣ್ಣದ ಮಸಿ ಬೆರಳಿಗೆ ಅಂಟಿಕೊಂಡಿರುತ್ತದೆ. ಪರದೆಯ ಹಿಂದೆ ನಲ್ಲಿ ಇತ್ತು. ಚಿಕ್ಕಮ್ಮ ಅದರ ಹತ್ತಿರವೂ ಸುಳಿಯಲಿಲ್ಲ.

"ಇಸ್ತ್ರಿ ಹಿಡಿದ ಕೈಗೆ ತಣ್ಣೀರು ಹಾಕ್ತಾರೇನೇ? ನರ ಸೆಟೆದುಕೊಂಡು ಬೆರಳು ಮಡಚಕ್ಕಾಗಲ್ಲ. ನಮ್ಮಮ್ಮ ಹಾಕ್ಲಿಲ್ಲ, ನಮ್ಮತ್ತೆ ಹಾಕ್ಲಿಲ್ಲ. ಅಂಗಡಿ ಮುಚ್ಚಿ, ಮೈ ತಣ್ಣಗಾದ ಮೇಲೆ ಬಿಸಿನೀರಲ್ಲಿ ತೊಳೀತೀನಿ."

ಇಸ್ತ್ರಿಯವರೆಲ್ಲ ಹಾಗೇ. ಹಲ್ಲಿ ಬೆಳೆದದ್ದೇ ಆ ಮೇಜಿನ ಕೆಳಗೆ, ಅವಳಿಗೆ ಅದು ವಿಚಿತ್ರವೆನಿಸಲಿಲ್ಲ. ಒಣ ಬಟ್ಟೆ ಕೊಟ್ಟಳು. ಚಿಕ್ಕಮ್ಮ ಒರೆಸಿದಂತೆ ಮಾಡಿ ತನ್ನ ಜಾಗಕ್ಕೆ ಹೋಗಿ ಕೂತು ಉಳಿದ ಪ್ರಯೋಗಗಳನ್ನೂ ನೋಡುತ್ತಿದ್ದಳು. ಮುಗಿದ ಮೇಲೆ ಸಭ್ಯಸ್ಥೆಯಂತೆ ತನ್ನ ಕುರ್ಚಿಯನ್ನು ತಾನೇ ಮಡಚಿ ಗೋಡೆಗೊರಗಿಸುತ್ತಿದ್ದಳು. ಮಂಡಿನೋವಿದ್ದದ್ದರಿಂದ ಕಂಬಿ ಬಿಗಿಯಾಗಿ ಹಿಡಿದುಕೊಂಡೇ ಮೆಟ್ಟಿಲಿಳಿಯುತ್ತಿದ್ದಳು. ಬೆರಳಿನ ಕೀಲಿಗೊಂಚಲು ಕಂಬಿಯುದ್ದಕ್ಕೂ ಕರಕರ ಗೀಚುತ್ತ ಬರುತ್ತಿತ್ತು.

'ಈ ಲೋಹವನ್ನು ಅಲ್ಯೂಮಿನಿಯಂ ಹತ್ತಿರ ತರಬೇಡಿ. ಗೀರು ಬಿದ್ದ ಕಡೆ ಒಳಹೊಕ್ಕು ಅದರ ಕಣಕಣದ ನಡುವೆ ಹರಿದಾಡಿ, ಹೊರಗೆ ಏನೂ ಕಾಣದಂತೆ ಒಳಗೇ ಬಿಸ್ಕತ್ತು ಮಾಡಿಬಿಡುತ್ತದೆ. ಅದಕ್ಕೇ ವಿಮಾನದಲ್ಲಿ ಇದನ್ನು ಒಯ್ಯಲು ಬಿಡುವುದಿಲ್ಲ.' ಇದು ಹಲ್ಲಿ ದಿನಾ ಪ್ರದರ್ಶನದ ಕೊನೆಗೆ ಬಾಯಿಪಾಠ ಒಪ್ಪಿಸುತ್ತಿದ್ದ ಮಾತು. ಒಪ್ಪಿಸುವಾಗ ಅವಳ ಲಕ್ಷ್ಯ ಚಪ್ಪಾಳೆಯ ಕಡೆ ಇರುತ್ತಿತ್ತು.

ಒಂದು ಸಂಜೆ ಅಂಗಡಿಗೆ ಹೋದಾಗ ಚಿಕ್ಕಮ್ಮ ಇಸ್ತ್ರಿಪೆಟ್ಟಿಗೆಯನ್ನು ತಲೆಕೆಳಗು ಮಾಡಿಕೊಂಡು ಬೈಯುತ್ತ ಕೂತಿದ್ದಳು. ಅಲ್ಯೂಮಿನಿಯಂ ತಳದ ಮೂತಿಯೇ ಮುರಿದು ಬಿದ್ದಿತ್ತು.

"ಅಂಗಿ ಗುಂಡಿಗೆ ತಾಗಿದ್ದಷ್ಟೇ ಕಣೇ. ಹಪ್ಪಳದ ಥರ ಮುರ್ಕೊಂಡ್ ಬಿತ್ತು. ಈಗಿನ ಮಾಲೇ ಹೀಗೆ, ಎಲ್ಲ ಬರೀ ಹೊಳಪು."

"ಹೊಸದು ತಗೋ" ಅಂದಳು ಹಲ್ಲಿ. ಅವಳ ತಲೆ ಬೇರೆ ಚಿಂತೆಯಲ್ಲಿತ್ತು. ನಿಂಬೆಹಣ್ಣಿನಷ್ಟಿದ್ದ ಗ್ಯಾಲಿಯಂ ಈಗ ನೆಲ್ಲಿಕಾಯಿಯಷ್ಟಾಗಿತ್ತು. ಅದು ನೀರಿನ ಹಾಗೆ ಆರಿಹೋಗುವ ಪದಾರ್ಥವಲ್ಲ. ಜೇಬುಗಳ್ಳನಿಂದ ಹೋದದ್ದು ಸ್ವಲ್ಪ, ಉಳಿದದ್ದು ಎಲ್ಲಿ ಹೋಯಿತು? ಸರ್ ಕೂಡ ಬಾಟಲಿ ಎತ್ತಿ ನೋಡಿ, "ಮನೇಲಿ ಏನಾದ್ರೂ ಒಡವೆ ಮಾಡಿಸ್ತಿದ್ದೀಯೇನಮ್ಮಾ?" ಎಂದು ನಕ್ಕಿದ್ದರು. ನಗು ಬಾಯಲ್ಲಿತ್ತು, ಕಣ್ಣಲ್ಲಿರಲಿಲ್ಲ.

ಸಮಿತಿ ಬಂದೇಬಂತು. ಅಧ್ಯಕ್ಷೆ ದಪ್ಪ ಕನ್ನಡಕದ, ಸಣ್ಣ ಆಕಾರದ ಹಿರಿಯ ಹೆಂಗಸು. ಜೀವಮಾನವಿಡೀ ರಸಾಯನಶಾಸ್ತ್ರ ಕಲಿಸಿ ಯಾವುದಕ್ಕೂ ನಗದವರೆಂದು ಹೆಸರಾಗಿದ್ದರು. ಜೊತೆಗೆ ಒಬ್ಬ ಬೊಕ್ಕತಲೆಯ ಸದಸ್ಯರು, ಒಬ್ಬ ಟೈ ಕಟ್ಟಿದ ಸದಸ್ಯರು. ಸರ್ ಒಂದೇ ಬೆರಳಿನಲ್ಲಿ ಕುರ್ಚಿ ಎತ್ತಿ ತೋರಿಸಿ ಮೂವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದರು. ಚಿಕ್ಕಮ್ಮ ಮೂರನೇ ಸಾಲಿನಲ್ಲಿ ಮೇಷ್ಟ್ರಮ್ಮನ ವೇಷದಲ್ಲಿ ನೆಟ್ಟಗೆ ಕೂತಿದ್ದಳು. ಬೆಳಗ್ಗೆಯೆಲ್ಲ ಬೆಡ್‌ಶೀಟುಗಳನ್ನೇ ಒತ್ತಿ ಕೈಯನ್ನು ಕೆಂಡ ಮಾಡಿಕೊಂಡು ಬಂದಿದ್ದಳು.

ರಬ್ಬರಿನ ವೈರು ಚೆನ್ನಾಗಿ ಹೋಯಿತು. ಲೋಹದ ಗುಂಡಿಗೆ ಚೆನ್ನಾಗಿ ಬಡಿದುಕೊಂಡಿತು. ಹಲ್ಲಿ ಗಂಟಲು ಸರಿಮಾಡಿಕೊಂಡು, "ಈಗ ಸಭೆಯಿಂದ ಯಾರಾದರೂ ಹಿರಿಯರು ಬಂದು..." ಎಂದಳು.

"ನಾನೇ ಬರ್ತೀನಿ" ಎಂದು ಅಧ್ಯಕ್ಷೆ ಎದ್ದರು.

"ನಾನು" ಎಂದು ಚಿಕ್ಕಮ್ಮನೂ ಎದ್ದಳು. ರೂಢಿ. ಎದ್ದ ಮೇಲೆ ತಪ್ಪು ತಿಳಿಯಿತು. ತಿಳಿದರೂ ಬಿಟ್ಟುಕೊಡುವ ಜಾತಿಯವಳಲ್ಲ. "ನಾನು ಮೊದಲು ಎದ್ದಿದ್ದು."

"ಅವರು ಅಧ್ಯಕ್ಷೆ ಕಣಮ್ಮಾ" ಎಂದು ಸರ್ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಇರಲಿ ಬಿಡಿ. ನಾನೂ ನಿವೃತ್ತ ಮೇಷ್ಟ್ರಮ್ಮ" ಎಂದು ಚಿಕ್ಕಮ್ಮ ಮುಂದಿನ ಕುರ್ಚಿಯ ಬೆನ್ನು ಹಿಡಿದು ಸಾಲಿನಿಂದ ಹೊರಬರಲು ಮೈಭಾರ ಬಿಟ್ಟಳು.

ಕುರ್ಚಿಯ ಬೆನ್ನು ಕಟಕ್ಕೆಂದು ಅವಳ ಕೈಗೇ ಬಂತು.

ಚಿಕ್ಕಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡೇ ತನ್ನ ಕುರ್ಚಿಗೆ ಧೊಪ್ಪೆಂದು ಕೂತಳು. ಅದರ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ನೆಲದ ಮೇಲೆ ಕಾಲು ಚಾಚಿ ಕೂತ ಚಿಕ್ಕಮ್ಮ ಎದ್ದೇಳಲು ಪಕ್ಕದ ಕುರ್ಚಿ ಹಿಡಿದಳು. ಅದೂ ಮುರಿಯಿತು. ಸರ್ ಮೈಕಿನಲ್ಲಿ ಏನೋ ಸಮಾಧಾನ ಹೇಳಲು ಹೋಗಿ ಕಂಬ ಹಿಡಿದರು. ಮೈಕಿನ ತಲೆ ಅವರ ಕೈಗೆ ಬಂತು, ಕಂಬ ಕೆಳಗುರುಳಿತು. ಚಿಕ್ಕಮ್ಮ ಆವತ್ತು ಮೂರ್ಛೆ ಹೋದದ್ದು ಅದಕ್ಕೊರಗಿಯೇ. ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟಿದ್ದ ಅಧ್ಯಕ್ಷೆ ಗದ್ದಲಕ್ಕೆ ಗಾಬರಿಯಾಗಿ ಕಂಬಿಯನ್ನು ಬಲವಾಗಿ ಹಿಡಿದರು. ಕಂಬಿ ಮೊಳದುದ್ದ ಮುರಿದು ಬೆತ್ತದ ಹಾಗೆ ಅವರ ಮುಷ್ಟಿಯಲ್ಲಿ ನಿಂತಿತು.

ಕರಕರ ಗೀಚುವ ಕೀಲಿಗೊಂಚಲು, ತೊಳೆಯದ ಕೈ, ಮೂತಿ ಮುರಿದ ಇಸ್ತ್ರಿಪೆಟ್ಟಿಗೆ, ನೆಲ್ಲಿಕಾಯಿಯಾದ ನಿಂಬೆಹಣ್ಣು, ಎಲ್ಲ ಒಂದೇ ಏಟಿಗೆ ಹಲ್ಲಿಯ ತಲೆಯೊಳಗೆ ಬಂದು ಕೂತವು. ದಿನಾ ತಾನೇ ಬಾಯಿಪಾಠ ಒಪ್ಪಿಸಿದ್ದ ಮಾತು. ಕೆಲಸ ಹೋಯಿತು ಎಂದುಕೊಂಡಳು.

ಅಧ್ಯಕ್ಷೆ ಕಂಬಿಯ ತುಂಡನ್ನು ಕನ್ನಡಕದ ಹತ್ತಿರ ತಂದು ನೋಡಿದರು. ಮುರಿದ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಒಂದು ಚೂರು ರಸ್ಕಿನ ಹಾಗೆ ಉದುರಿತು. ಇನ್ನೊಂದು ಒತ್ತಿದರು. ಅದೂ ಉದುರಿತು. ಅವರ ಮೂಗಿನಿಂದ ಸೀನಿನಂಥದೊಂದು ಸದ್ದು ಬಂತು. ಅದು ನಗುವೆಂದು ತಿಳಿಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಪುಸ್ತಕದಲ್ಲಿ ಎಷ್ಟು ವರ್ಷ ಇದನ್ನ ಪಾಠ ಮಾಡಿದೆ" ಅಂದರು, "ಒಂದ್ಸಲನೂ ಮುರಿದು ನೋಡಿರಲಿಲ್ಲ ಕಣ್ರೀ. ನೀವೂ ನೋಡಿ." ತುಂಡನ್ನು ಬೊಕ್ಕತಲೆಯವರ ಕೈಗೆ ಕೊಟ್ಟರು. ಅವರು ಗಂಭೀರವಾಗಿ ಮುರಿದರು, ಮತ್ತೆ ಮುರಿದರು, ಆಮೇಲೆ ತಡೆಯಲಾರದೆ ಹಿಂದಿನ ಸಾಲಿಗೆ ಹೋಗಿ ಇನ್ಯಾವ ಕುರ್ಚಿ ಮುರಿಯುತ್ತದೆಂದು ಒಂದೊಂದನ್ನೇ ಒತ್ತಿ ನೋಡತೊಡಗಿದರು. "ಇದು ಗಟ್ಟಿ. ಇದೂ ಗಟ್ಟಿ. ಹಾ, ಇದು ಸಿಕ್ತು." ಟೈ ಕಟ್ಟಿದವರು ತಾವು ಕೂತ ಕುರ್ಚಿಯನ್ನೇ ಎತ್ತಿ ಬೆರಳಿನಲ್ಲಿ ಮೀಟಿ, ಅದರ ಕೈಯನ್ನು ಎರಡು ತುಂಡು ಮಾಡಿ, ಎರಡನ್ನೂ ಹಿಡಿದುಕೊಂಡು ಹೊಟ್ಟೆ ಹಿಡಿದು ನಕ್ಕರು. ಸಭಿಕರೂ ಎದ್ದರು. ಒಬ್ಬರು ಮುರಿದಾಗ ಹತ್ತು ಜನ ನಗುವುದು, ಯಾರಿಗಾದರೂ ಗಟ್ಟಿ ಕುರ್ಚಿ ಸಿಕ್ಕರೆ ಅಯ್ಯೋ ಪಾಪ ಎನ್ನುವುದು. "ಮುರೀಬೇಡಿ ಸ್ವಾಮಿ, ಮುರೀಬೇಡಿ" ಎಂದು ಸರ್ ಸಾಲಿನಿಂದ ಸಾಲಿಗೆ ಓಡಿದರು. ಬಾಗಿಲು ಮುಚ್ಚಿ ತಡೆಯೋಣವೆಂದು ಹಿಡಿ ಎಳೆದರೆ ಅದೂ ಅವರ ಕೈಗೆ ಬಂತು. ಅದನ್ನು ನೋಡುತ್ತ ನಿಂತರು, ಆಮೇಲೆ ತಾವೂ ಅದರ ತುದಿಯನ್ನು ಒಂಚೂರು ಮುರಿದು ನೋಡಿದರು.

ನಗು ತಗ್ಗಿದ ಮೇಲೆ ಅಧ್ಯಕ್ಷೆ ಕಣ್ಣೊರೆಸಿಕೊಂಡು ಹಲ್ಲಿಯತ್ತ ತಿರುಗಿದರು. "ಇದು ಹೇಗಾಯ್ತು?"

ಹಲ್ಲಿ ಸುಳ್ಳು ಹೇಳಲು ಬಾಯಿ ತೆರೆದಳು. ಆದರೆ ಚಿಕ್ಕಮ್ಮ ನೆಲದ ಮೇಲಿಂದಲೇ, "ಅವಳನ್ನ ಏನೂ ಅನ್ನಬೇಡಿ. ಮುಟ್ಟಿದವಳು ನಾನು. ಮೇಷ್ಟ್ರಮ್ಮನೂ ಅಲ್ಲ, ಏನೂ ಅಲ್ಲ, ಅವಳ ಚಿಕ್ಕಮ್ಮ, ಇಸ್ತ್ರಿಯವಳು" ಎಂದುಬಿಟ್ಟಳು.

"ನನ್ನ ಕೈಯಲ್ಲಿ ಇದು ಕರಗಲ್ಲ ಮೇಡಂ" ಅಂದಳು ಹಲ್ಲಿ. "ಒಂದ್ಸಲನೂ ಕರಗಿಲ್ಲ."

"ಕೊಡಿ ಇಲ್ಲಿ" ಎಂದು ಅಧ್ಯಕ್ಷೆ ಗಟ್ಟಿ ಇಸಿದುಕೊಂಡರು. ಇಷ್ಟು ಹೊತ್ತು ನಕ್ಕು ಅವರ ಮೈ ಬಿಸಿಯೇರಿತ್ತು. ಲೋಹ ಕರಗಿ, ಅವರು ಕೈ ಓರೆ ಮಾಡಿ ನೋಡುವಷ್ಟರಲ್ಲಿ ಬೆರಳ ಸಂದಿಯಿಂದ ಜಾರಿ, ನೆಲಕ್ಕೆ ಬಿದ್ದು ಹತ್ತಾರು ಮಣಿಗಳಾಗಿ ಓಡಿತು. ವೇದಿಕೆಯ ಪಕ್ಕದಲ್ಲೇ ಕೇಂದ್ರದ ದೊಡ್ಡ ದುರ್ಬೀನು ನಿಂತಿತ್ತು. ಮೂರು ಅಲ್ಯೂಮಿನಿಯಂ ಕಾಲಿನ ಮೇಲೆ. ಮಣಿಗಳು ಸಾಲಾಗಿ ಆ ಕಡೆಗೇ ಹೊರಟವು. ಎಲ್ಲರೂ ಕೈಚಾಚಿ ನುಗ್ಗಿದರು.

"ಯಾರೂ ಮುಟ್ಟಬೇಡಿ" ಎಂದಳು ಹಲ್ಲಿ. ಕೊನೆಯ ಸಾಲಿಗೂ ಕೇಳಿಸುವ ಗಂಟಲು. ಎಲ್ಲರೂ ನಿಂತಲ್ಲೇ ನಿಂತರು.

ಬಿಸಿ ಕೈ ತಾಗಿದರೆ ಅದು ಸವರಿ ಹರಡಿಹೋಗುತ್ತದೆ. ಅವಳು ಮಂಡಿಯೂರಿ ಎರಡೂ ಅಂಗೈಯನ್ನು ನೆಲದ ಮೇಲೆ ಕಟ್ಟೆಯ ಹಾಗೆ ಅಡ್ಡ ಇಟ್ಟಳು. ಮಣಿಗಳು ಬಂದು ಆ ತಣ್ಣನೆಯ ಗೋಡೆಗೆ ಡಿಕ್ಕಿ ಹೊಡೆದು ನಿಂತವು. ಈ ಲೋಹಕ್ಕೆ ಇನ್ನೊಂದು ಚಾಳಿ ಇದೆ: ತಣ್ಣಗಾದರೂ ಬೇಗ ಗಟ್ಟಿಯಾಗುವುದಿಲ್ಲ, ಗಟ್ಟಿಯಾದ ತನ್ನದೇ ಚೂರೊಂದು ಬಂದು ತಾಗಬೇಕು. ಹಲ್ಲಿ ಒಂದು ಕೈ ಬಿಡಿಸಿ ಬಾಟಲಿಯ ತಳದಲ್ಲಿ ಉಳಿದಿದ್ದ ಚೂರೊಂದನ್ನು ತೆಗೆದು ಒಂದೊಂದೇ ಮಣಿಗೆ ಮುಟ್ಟಿಸುತ್ತ ಹೋದಳು. ಹೊಳೆಯುತ್ತಿದ್ದ ಮಣಿಗಳು ಒಂದೊಂದಾಗಿ ಮಂಕಾಗಿ, ಬಿಗಿದುಕೊಂಡು, ಗಟ್ಟಿಯಾದವು. ಹುರಿಗಡಲೆ ಆರಿಸಿದ ಹಾಗೆ ಆರಿಸಿ ಅಂಗೈ ತುಂಬಿಕೊಂಡಳು. ಎದ್ದು ನಿಂತು ಅಂಗೈ ತೋರಿಸಿದಳು. ಒಂದು ಕಾಳೂ ಕರಗಿರಲಿಲ್ಲ.

ಅಧ್ಯಕ್ಷೆ ಆ ಕೈಯನ್ನು ಮುಟ್ಟಿ ನೋಡಿದರು. ಕೈ ಹಿಂದೆಳೆದುಕೊಳ್ಳಲಿಲ್ಲ.

"ಕರಗಿಸೋಕೆ ಬೀದೀಲಿ ಹೋಗೋ ಯಾರನ್ನ ಬೇಕಾದ್ರೂ ಕರೀಬಹುದು" ಎಂದು ಸರ್ ಕಡೆ ನೋಡಿದರು. "ಇದನ್ನ ಇಟ್ಟುಕೊಳ್ಳೋಕೆ ಇಂಥ ಕೈಯೇ ಬೇಕು. ಈಕೆಯನ್ನ ಕಾಯಂ ಮಾಡಿ. ಕಂಬಿ ಕಬ್ಬಿಣದ್ದು ಹಾಕಿಸಿ."

"ಮೇಡಂ, ತುಕ್ಕು..."

"ಹಿಡೀಲಿ."

"ನನ್ನ ಕತೆ ಏನು?" ಎಂದು ಚಿಕ್ಕಮ್ಮ ಕೇಳಿದಳು. ಇನ್ನೂ ನೆಲದ ಮೇಲೇ ಇದ್ದಳು. ಅವಳಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ.

"ನೀವು ಬರಬಹುದು. ಕೈ ತೊಳೆದುಕೊಂಡು."

"ತಣ್ಣೀರಲ್ಲಾ?"

"ತಣ್ಣೀರಲ್ಲಿ."

ಚಿಕ್ಕಮ್ಮ ಯೋಚಿಸಿ ನೋಡಿ, ತನಗೆ ನರ ಮುಖ್ಯ ಅಂದಳು. ಎದ್ದೇಳಲು ಕೈ ಚಾಚಿದಾಗ ಅಕ್ಕಪಕ್ಕದವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ಹಲ್ಲಿಯೇ ಹೋಗಿ ಎತ್ತಿದಳು. ಮತ್ತೆ ಆ ಸಭಾಂಗಣಕ್ಕೆ ಚಿಕ್ಕಮ್ಮ ಬರಲಿಲ್ಲ.

ಸಂಜೆ ಹಲ್ಲಿ, ಸರ್ ಇಬ್ಬರೂ ಚೂರುಗಳನ್ನು ಗುಡಿಸಿ ಗುಡ್ಡೆ ಹಾಕಿ ಲೆಕ್ಕ ಮಾಡಿದರು. ಕುರ್ಚಿ ಹನ್ನೊಂದು, ಅದರಲ್ಲಿ ನಾಲ್ಕು ಸಮಿತಿಯವರೇ ಮುರಿದದ್ದು. ಮೆಟ್ಟಿಲ ಕಂಬಿ ಒಂದು. ಮೈಕಿನ ಕಂಬ ಒಂದು. ಬಾಗಿಲ ಹಿಡಿ ಒಂದು. ಇಸ್ತ್ರಿಪೆಟ್ಟಿಗೆ ಒಂದು.